ಅಜ್ಜಿಗೆ ‘ಸೌದೆ’ ಅಂದ, ಫೋನಲ್ಲಿ ‘ಹೊಯ್ಸಳ’ ಅಂದ: ನಮ್ಮ ಬಾಗಿಲವಾಡ ಯಾವ ಶೈಲಿ?

ಹಳೇಪೇಟೆ ಹುಡುಗ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹಳೇಪೇಟೆಯಲ್ಲಿ ನಮ್ಮ ಮುತ್ತಾತ ಕಟ್ಟಿಸಿದ ಮನೆ ಇದೆ. ಅಪ್ಪ, ದೊಡ್ಡಪ್ಪ ಪಾಲು ಮಾಡಿಕೊಂಡ ಮೇಲೆ ಮುಂದಿನ ಅರ್ಧ ನಮಗೆ ಬಂತು. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಹೊಸದು ಕಟ್ಟೋದು ಅಂತ ಮಾತಾಗಿದೆ.

ಮೊನ್ನೆ ಹಳೇ ಮರದ ಸಾಮಾನು ಕೊಳ್ಳುವವನೊಬ್ಬ ಬಂದ. ಬಾಗಿಲವಾಡ ತಟ್ಟಿ ನೋಡಿ, “ಏನೈತ್ರಿ ಅವ್ವಾ ಇದ್ರಾಗೆ, ಬರೀ ಸೌದೆ. ತೂಕದ ಲೆಕ್ಕದಾಗ ತಗೋತೀನಿ” ಅಂದ. ಆಮೇಲೆ ಬೀದಿಗೆ ಹೋಗಿ ಫೋನಲ್ಲಿ ಯಾರಿಗೋ, “ಸರ್, ಹೊಯ್ಸಳ ಸ್ಟೈಲು, ಮುನ್ನೂರು ವರ್ಷದ್ದು” ಅಂತಿದ್ದ. ನಾನು ಜಗಲಿ ಮೇಲೇ ಕೂತಿದ್ದೆ. ನನ್ನನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಮನೆ ಹೀಗಿದೆ. ಬಾಗಿಲವಾಡ ತೇಗ. ಮೇಲಿನ ಅಡ್ಡಪಟ್ಟಿಯ ನಡುವೆ ಗಜಲಕ್ಷ್ಮಿ, ಆಚೀಚೆ ಗಿಳಿಗಳು, ಗಿಳಿ ಬಾಯಲ್ಲಿ ಬಳ್ಳಿ. ಜಗಲಿಗೆ ನಾಲ್ಕು ಮರದ ಕಂಬ, ಕಂಬದ ತಲೆ ಮೇಲೆ ತೊಲೆ ಹೊರುವ ಬೋದಿಗೆಯ ತುದಿ ಬಾಳೆ ಹೂವಿನ ಮೂತಿಯ ಹಾಗೆ ಕೆಳಗೆ ಇಳಿದಿದೆ. ಒಳಗೆ ಪಡಸಾಲೆ ಗೋಡೆಗೆ ಸೊಂಟದ ಎತ್ತರಕ್ಕೆ ಹೊಳೆಯುವ ಟೈಲ್ಸ್, ಹಸಿರು ನೆಲದ ಮೇಲೆ ಉಬ್ಬಿದ ಗುಲಾಬಿ ಹೂವು. ನಡುನಡುವೆ ಕೃಷ್ಣ, ಸರಸ್ವತಿ. ಮನೆಯ ನೆತ್ತಿ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗಾರೆ ಕೆಲಸ. ಅದರಲ್ಲಿ ಸೂರ್ಯನ ಕಿರಣ, ಕೆಳಗೆ ಇಸವಿ. ಇಸವಿಯಲ್ಲಿ 19 ಅಂತ ಮಾತ್ರ ಉಳಿದಿದೆ. ಮುಂದಿನ ಎರಡು ಅಂಕಿ ಡಿಶ್ ಕೂರಿಸುವಾಗ ಉದುರಿದವು. ಕೂರಿಸಿದ್ದು ನಾನೇ, ಬೈಯಬೇಡಿ.

ಇದಕ್ಕೆ ಏನು ಹೆಸರು? ಎಷ್ಟು ಹಳೇದು?

ಬೆಣ್ಣೆದೋಸೆ · ಶನಿವಾರ ರಾತ್ರಿ

ಇಸವಿ 19 ಅಂದ್ರೆ ಹೊಯ್ಸಳರಿಗಿಂತ ಸಾವಿರ ವರ್ಷ ಹಿಂದೆ. ಶಾತವಾಹನರ ಕಾಲ. ರೇಟು ಜಾಸ್ತಿ ಕೇಳು ಗುರು.

ಹರಿಹರದವಳು · ಭಾನುವಾರ ಬೆಳಿಗ್ಗೆ

ತಮ್ಮಾ, ‘ಹೊಯ್ಸಳ’ವನ್ನೂ ‘ಮುನ್ನೂರು ವರ್ಷ’ವನ್ನೂ ಒಂದೇ ಉಸಿರಲ್ಲಿ ಹೇಳಿದವನಿಗೆ ಎರಡೂ ಗೊತ್ತಿಲ್ಲ. ಹೊಯ್ಸಳರ ಆಳ್ವಿಕೆ 14ನೇ ಶತಮಾನದ ನಡುವಿಗೇ ಮುಗಿಯಿತು. ಮುನ್ನೂರು ವರ್ಷದ ಹಿಂದೆ ಅಂದರೆ ಚಿತ್ರದುರ್ಗದಲ್ಲಿ ಪಾಳೇಗಾರ ಭರಮಣ್ಣ ನಾಯಕನ ಆಸುಪಾಸಿನ ಕಾಲ.

ನಿಜವಾದ ಹೊಯ್ಸಳ ಕೆಲಸ ನೋಡಬೇಕಾ? ಬಸ್ಸು ಹತ್ತಿ ನಮ್ಮೂರಿಗೆ ಬಾ, ಅರ್ಧ ಗಂಟೆ ದಾರಿ. ಹರಿಹರೇಶ್ವರನ ಗುಡಿ ಕಟ್ಟಿಸಿದ್ದು 1224ರಲ್ಲಿ, ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ. ಮಂಟಪದೊಳಗೆ ಹೋಗಿ ಯಾವುದಾದರೂ ಒಂದು ಕಂಬದ ಹತ್ತಿರ ನಿಂತುಕೋ. ಬುಡ ಚೌಕ. ಮೇಲೆ ಹೋಗ್ತಾ ದುಂಡಗಾಗುತ್ತದೆ, ಗಂಟೆಯ ಆಕಾರ ಬರುತ್ತದೆ, ಆಮೇಲೆ ಕುತ್ತಿಗೆ ಸಣ್ಣಗಾಗುತ್ತದೆ, ಮತ್ತೆ ತಟ್ಟೆಯ ಹಾಗೆ ಅಗಲವಾಗುತ್ತದೆ. ಆ ಕುತ್ತಿಗೆಯ ಮೇಲೆ ಉಗುರು ಇಟ್ಟು ಸುತ್ತಲೂ ಎಳೆದು ನೋಡು. ಕೂದಲೆಳೆಯಷ್ಟು ಸಣ್ಣ ಗೆರೆಗಳು ಸುತ್ತು ಹೊಡೆದಿರುತ್ತವೆ, ಎಲ್ಲೂ ತಪ್ಪಿಲ್ಲ. ಅದು ಕೈಯಲ್ಲಿ ಉಳಿ ಹಿಡಿದು ಹೊಡೆದದ್ದಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಹಾಗೆ ಕಲ್ಲನ್ನೇ ತಿರುಗಿಸಿ ಕಡೆದದ್ದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಈ ಆಟ ಆಡಲು ಆಯಿತು.

ನಿಮ್ಮ ಬಾಗಿಲವಾಡದಲ್ಲಿ ಇದರ ಯಾವ ಗುರುತೂ ಇಲ್ಲ. ಗಜಲಕ್ಷ್ಮಿ ಎಲ್ಲ ಕಾಲದಲ್ಲೂ ಇದ್ದಾಳೆ. ಅವಳನ್ನು ನೋಡಿ ಕಾಲ ಹೇಳಲು ಹೋಗಬಾರದು.

ತೊಟ್ಟಿಮನೆ · ಭಾನುವಾರ ಬೆಳಿಗ್ಗೆ

ನಾನು ಆರ್ಕಿಟೆಕ್ಚರ್ ಓದುತ್ತಿದ್ದೇನೆ, ಊರು ದಾವಣಗೆರೆಯೇ. ವಿವರ ನೋಡಿದರೆ ಒಂದೇ ಮನೆಯಲ್ಲಿ ಮೂರು ಶೈಲಿ ಇವೆ.

ಬೋದಿಗೆಯಲ್ಲಿ ಇಳಿಬಿದ್ದ ಮೊಗ್ಗು ವಿಜಯನಗರದ್ದು. ಹಂಪಿಯಲ್ಲಿ ಕಲ್ಲಿನಲ್ಲಿ ಮಾಡಿದ್ದನ್ನೇ ಆಮೇಲೆ ಬಡಗಿಗಳು ಮರದಲ್ಲಿ ಮಾಡುತ್ತಾ ಬಂದರು. ಟೈಲ್ಸ್‌ನ ಬಳುಕುವ ಹೂಬಳ್ಳಿ ಆರ್ಟ್ ನೂವೋ, 1890ರಿಂದ 1910ರ ತನಕ ಯುರೋಪಿನಲ್ಲಿ ಜೋರಾಗಿದ್ದ ಶೈಲಿ. ನೆತ್ತಿಯ ಮೆಟ್ಟಿಲು, ಸೂರ್ಯಕಿರಣ ಆರ್ಟ್ ಡೆಕೊ. ಅದಕ್ಕೆ ದೊಡ್ಡ ಪ್ರಚಾರ ಸಿಕ್ಕಿದ್ದು 1925ರ ಪ್ಯಾರಿಸ್ ಪ್ರದರ್ಶನದಲ್ಲಿ. ಅಲ್ಲಿಂದ ಮುಂಬಯಿಗೆ ಬಂತು. ಮರೀನ್ ಡ್ರೈವ್ ಸಾಲಿನ ಮನೆಗಳೆಲ್ಲ ಅದೇ, 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಮುಂಬಯಿಯಿಂದ ಹತ್ತಿ ವ್ಯಾಪಾರದ ಊರುಗಳಿಗೆ ಬಂದಿರಬೇಕು.

ಇನ್ನೊಂದು ಮಾತು. ಹರಿಹರೇಶ್ವರವನ್ನು ಶುದ್ಧ ಹೊಯ್ಸಳ ಅನ್ನುವುದು ಕಷ್ಟ ಅಲ್ವಾ ಮೇಡಂ? ಹಳೇಬೀಡಿನ ಹಾಗೆ ಗೋಡೆಯಲ್ಲಿ ಆನೆ ಸಾಲು, ಕುದುರೆ ಸಾಲು ಎಲ್ಲಿದೆ?

ಹರಿಹರದವಳು · ಭಾನುವಾರ ಮಧ್ಯಾಹ್ನ

ಒಳ್ಳೇ ಪ್ರಶ್ನೆ. ಎಲ್ಲರೂ ಹಳೇಬೀಡು ನೋಡಿ ಬಂದು ನಮ್ಮ ಗುಡಿ ಎದುರು ನಿಂತು, “ಅಯ್ಯೋ ಇಷ್ಟೇನಾ” ಅಂತಾರೆ. ಆನೆ ಸಾಲು ಇದ್ದರೆ ಮಾತ್ರ ಹೊಯ್ಸಳ ಅನ್ನುವುದು ಒಬ್ಬ ಮಗನ ಮುಖ ನೋಡಿ ಇಡೀ ಮನೆತನದ ಚಹರೆ ಹೇಳಿದ ಹಾಗೆ.

ಹರಿಹರ ಹೊಯ್ಸಳರ ರಾಜ್ಯದ ಬಡಗಣ ಅಂಚು. ಅದಕ್ಕಿಂತ ಮುಂಚೆ ತುಂಗಭದ್ರೆಯ ಈ ಸೀಮೆ ಕಲ್ಯಾಣದ ಚಾಲುಕ್ಯರದ್ದು. ಆಳುವವರು ಬದಲಾದರು, ಕಲ್ಲುಕುಟಿಗರು ಇಲ್ಲಿಯವರೇ. ಅವರ ಅಪ್ಪಂದಿರು ಕಡೆದ ಹಾಗೇ ಇವರೂ ಕಡೆದರು. ಅಷ್ಟೇ ಏಕೆ, 1117ರಲ್ಲಿ ಬೇಲೂರು ಕಟ್ಟುವಾಗ ಕೆತ್ತಿದ ದಾಸೋಜ, ಅವನ ಮಗ ಚಾವಣ ಇಬ್ಬರೂ ಬಳ್ಳಿಗಾವಿಯವರು. ಅಂದರೆ ಚಾಲುಕ್ಯರ ಸೀಮೆಯವರು. ತಮ್ಮ ಹೆಸರನ್ನು ಕಲ್ಲಲ್ಲಿ ಕೊರೆದು ಹೋಗಿದ್ದಾರೆ. ‘ಚಾಲುಕ್ಯ ಶೈಲಿ’, ‘ಹೊಯ್ಸಳ ಶೈಲಿ’ ಅಂತ ನಾವು ಗೆರೆ ಎಳೀತೀವಿ. ದಾಸೋಜ ಆ ಗೆರೆ ದಾಟಿದ್ದು ಕೂಲಿಗೆ.

ಅಂದಹಾಗೆ ನಮ್ಮ ಗುಡಿಯ ಗೋಪುರ ಮೂಲದ್ದಲ್ಲ. ಈಗ ಇರುವುದು ಇಟ್ಟಿಗೆ, ಗಾರೆಯದು. ದೂರದಿಂದ ಬೆಳ್ಳಗೆ ಕಾಣೋದನ್ನ ನೋಡಿ ಹೊಯ್ಸಳ ಗೋಪುರ ಅಂತ ಸ್ಟೇಟಸ್ ಹಾಕಬೇಡಿ.

ದುರ್ಗದ ಕಲ್ಲು · ಭಾನುವಾರ ಸಂಜೆ

ಬಳಪದ ಕಲ್ಲಿನವರ ಮಾತಾಯಿತು, ಈಗ ಗಟ್ಟಿ ಕಲ್ಲಿನವರೂ ಸ್ವಲ್ಪ ಮಾತಾಡುತ್ತೇವೆ. ನಾನು ಚಿತ್ರದುರ್ಗದವನು, ನಿವೃತ್ತ ಮೇಷ್ಟ್ರು. ಮೂವತ್ತು ವರ್ಷ ಹುಡುಗರನ್ನು ಕೋಟೆ ಹತ್ತಿಸಿದ್ದೇನೆ. 1997ರ ತನಕ ದಾವಣಗೆರೆಯೂ ನಮ್ಮ ಜಿಲ್ಲೆಯೇ. ಹಾಗಾಗಿ ಬೈಯುವ ಹಕ್ಕು ಇದೆ.

ಬಂದ ಪ್ರವಾಸಿಗಳೆಲ್ಲ, “ಇಲ್ಲಿ ಕೆತ್ತನೆ ಒರಟು, ಬೇಲೂರಿನ ಹಾಗೆ ಇಲ್ಲ” ಅಂತಾರೆ. ಯಾಕೆ ಇರಬೇಕು? ಬೇಲೂರಿನ ಕಲ್ಲನ್ನು ಚಾಕುವಿನಲ್ಲಿ ಗೀರಬಹುದು. ನಮ್ಮದು ಗ್ರಾನೈಟು. ಕೋಟೆ ಹತ್ತುವಾಗ ಬಂಡೆಗಳ ಮೇಲೆ ಗುಂಡಿಗಳ ಸಾಲು ನೋಡಿದ್ದೀರಾ? ಒಂದೊಂದೂ ಹೆಬ್ಬೆರಳು ಹೋಗುವಷ್ಟು. ಅದರಲ್ಲಿ ಬೆಣೆ ಹೊಡೆದು ಬಂಡೆ ಸೀಳಿದರು. ಎಷ್ಟೋ ಕಡೆ ಸಾಲು ಅರ್ಧಕ್ಕೇ ನಿಂತಿದೆ. ಬಂಡೆ ಕೊಡಲಿಲ್ಲ, ಬಿಟ್ಟು ಮುಂದೆ ಹೋದರು. ಅಂಥ ಕಲ್ಲನ್ನು ತಿರುಗಿಸಿ ಕಡೆಯಲು ಆಗುತ್ತದೆಯೇ?

ಅದಕ್ಕೇ ವಿಜಯನಗರದವರು, ಅವರ ಹಿಂದೆ ನಮ್ಮ ನಾಯಕರು ಬೇರೆ ದಾರಿ ಹಿಡಿದರು. ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಗುಡಿಗಳ ಕಂಬ ನೋಡಿ. ಚೌಕ, ಎಂಟು ಮೂಲೆ, ಮತ್ತೆ ಚೌಕ. ದುಂಡು ಮಾಡುವ ಗೋಜಿಗೇ ಹೋಗಿಲ್ಲ. ಚೌಕದ ಪ್ರತಿ ಮುಖದ ಮೇಲೆ ಒಂದೊಂದು ಚಿತ್ರ: ಹನುಮ, ಹಾವು, ನಮಸ್ಕಾರ ಮಾಡುವ ಭಕ್ತ. ತಗ್ಗು ಕೆತ್ತನೆ, ಅಂಚು ಮಾತ್ರ ಬಿಡಿಸಿದ್ದು. ಬೆಳಿಗ್ಗೆ ಎಂಟಕ್ಕೆ ಹೋಗಿ. ಬಿಸಿಲು ಅಡ್ಡ ಬಿದ್ದಾಗ ಆ ಹಾವು ಎದ್ದು ಬರುತ್ತದೆ. ಹನ್ನೆರಡಕ್ಕೆ ಹೋದರೆ ಬರೀ ಕಲ್ಲು. ನಮ್ಮ ಹುಡುಗರಿಗೆ ಇದನ್ನು ತೋರಿಸಲಿಕ್ಕೇ ಬೆಳಗಿನ ಜಾವ ಎಬ್ಬಿಸುತ್ತಿದ್ದೆ, ಶಾಪ ಹಾಕುತ್ತಿದ್ದರು.

ಬಾಗಿಲವಾಡದ ಗಿಳಿಗೂ ಇದೇ ಮಾತು. ಗಿಳಿ ಯಾವ ಶೈಲಿ ಅಂತ ಕೇಳುವ ಮುಂಚೆ ಯಾವ ಮರ, ಯಾವ ಉಳಿ, ಎಷ್ಟು ಆಳ ಕೆತ್ತಿದ್ದಾರೆ ಅಂತ ನೋಡು ಮಗಾ.

ಬೆಣ್ಣೆದೋಸೆ · ಭಾನುವಾರ ಸಂಜೆ

ಮೇಷ್ಟ್ರೇ, ನಾನು ಆ ಶಾಪ ಹಾಕಿದ ಬ್ಯಾಚಿನವನೇ ಇರಬೇಕು.

ಕೆರೆ ಏರಿ · ಭಾನುವಾರ ರಾತ್ರಿ

ಸಂತೇಬೆನ್ನೂರು ಯಾರೂ ಹೇಳಲೇ ಇಲ್ಲವಲ್ಲ! ಚನ್ನಗಿರಿ ತಾಲ್ಲೂಕಿನವರಿಗೆ ಬೇಜಾರಾಗುತ್ತದೆ. 16ನೇ ಶತಮಾನದಲ್ಲಿ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ. ನೀರಿನ ನಡುವೆ ವಸಂತ ಮಂಟಪ. ಕಮಾನು ನೋಡಿದರೆ ಬಿಜಾಪುರ ಅನ್ನಿಸುತ್ತದೆ, ಮೇಲೆ ಅಂತಸ್ತು ಅಂತಸ್ತಾಗಿ ಸಣ್ಣಗಾಗುವುದು ನೋಡಿದರೆ ಗುಡಿ ಗೋಪುರ ಅನ್ನಿಸುತ್ತದೆ. ಆಮೇಲೆ ಊರು ಆದಿಲ್ ಶಾಹಿಗಳ ಕೈಗೆ ಹೋದಾಗ ದಂಡೆಯಲ್ಲಿ ಮುಸಾಫಿರ್‌ಖಾನೆ, ಅಂದರೆ ದಾರಿಹೋಕರು ತಂಗುವ ಛತ್ರ, ಎದ್ದಿತು. ಈಗ ಎರಡೂ ಒಂದೇ ನೀರಲ್ಲಿ ನೆರಳು ಬಿಟ್ಟುಕೊಂಡು ನಿಂತಿವೆ.

ಒಂದೇ ಮನೆಯಲ್ಲಿ ಮೂರು ಶೈಲಿ ಅಂತ ತೊಟ್ಟಿಮನೆಯವರು ಆಶ್ಚರ್ಯಪಟ್ಟರಲ್ಲ, ನಮ್ಮ ಕಡೆ ಅದು ಹೊಸದೇನಲ್ಲ.

ತೊಟ್ಟಿಮನೆ · ಭಾನುವಾರ ರಾತ್ರಿ

ಆಶ್ಚರ್ಯಪಡಲಿಲ್ಲ, ವಿಂಗಡಿಸಿದೆ ಅಷ್ಟೇ! ಹೆಸರು ಗೊತ್ತಿದ್ದರೆ ಕಾಲ ಅಂದಾಜು ಮಾಡಬಹುದು. ಆರ್ಟ್ ಡೆಕೊ ಅಂದ ತಕ್ಷಣ 1925ರ ನಂತರ ಅಂತ ಗೊತ್ತಾಯಿತಲ್ಲ.

ಗಾರೆ ಕೈ · ಸೋಮವಾರ ಬೆಳಿಗ್ಗೆ

ನಾನು ಓದಿದವನಲ್ಲ, ಅಪ್ಪ ಗಾರೆ ಮೇಸ್ತ್ರಿ, ನಾನೂ ಅದೇ ಕೆಲಸ. ಹೆಸರಿಂದ ಕಾಲ ಹೇಳೋದು ನನಗೆ ಬರಲ್ಲ. ಆದರೆ ಬಿಚ್ಚಿದ ಮನೆ ಮಾತಾಡುತ್ತದೆ. ತಮ್ಮಾ, ನಾಲ್ಕು ಕೆಲಸ ಮಾಡು.

ಮೊದಲು ಟೈಲ್ಸ್. ಮೂಲೆಯಲ್ಲಿ ಸಡಿಲ ಇರೋದು ಒಂದು ಇದ್ದೇ ಇರುತ್ತೆ. ಅದನ್ನು ಬಿಡಿಸಿ ಹಿಂಬದಿ ತೊಳೆದು ನೋಡು, ಅಚ್ಚು ಇರುತ್ತೆ.

ಮಾಳಿಗೆಗೆ ಕಬ್ಬಿಣದ ತೊಲೆ ಇದ್ದರೆ ಬಣ್ಣ ಕೆರೆದು ನಡುಪಟ್ಟಿ ಮೇಲೆ ಬೆರಳಾಡಿಸು. ಅಚ್ಚೊತ್ತಿದ ಅಕ್ಷರ ಸಿಗುತ್ತವೆ.

ಆಮೇಲೆ ಬಾಗಿಲವಾಡ. ಮುಂದಿನ ಕೆತ್ತನೆ ಎಲ್ಲರೂ ನೋಡ್ತಾರೆ, ನೀನು ಗೋಡೆ ಕಡೆಯ ಬೆನ್ನು ನೋಡು. ಮಿಲ್ಲಿನ ಚಕ್ರ ಗರಗಸದಲ್ಲಿ ಕೊಯ್ದಿದ್ದರೆ ಬಿಲ್ಲಿನ ಹಾಗೆ ಬಾಗಿದ ಗೀರುಗಳಿರುತ್ತವೆ. ಕೈಯಲ್ಲಿ ಬೀಸಿ ಮರ ಕೆತ್ತುವ ಬಾಚಿಯಲ್ಲಿ ಕೆತ್ತಿದ್ದರೆ ಚಿಪ್ಪು ಚಿಪ್ಪಾಗಿ ತಗ್ಗು. ಹೊಸ್ತಿಲಿನ ಎರಡು ತುದಿ, ಮೇಲಿನ ಪಟ್ಟಿಯ ಎರಡು ತುದಿ ನೋಡು. ದುಂಡನೆ ಗುಂಡಿ ಇದ್ದು ಮರದ ತುಂಡು ಹೊಡೆದು ಮುಚ್ಚಿದ್ದರೆ, ಅದು ಮೊದಲು ತಿರುಗಣಿ ಬಾಗಿಲು, ಬಾಗಿಲಿನ ಗೂಟ ಆ ಗುಂಡಿಯಲ್ಲೇ ತಿರುಗುತ್ತಿತ್ತು. ಕಬ್ಬಿಣದ ಕೀಲು ಕೂರಿಸಿದ್ದು ಆಮೇಲೆ.

ನಾಲ್ಕನೇದು ನೆತ್ತಿಯ ಸೂರ್ಯ. ಸುಣ್ಣದ ಗಾರೆಯೋ ಸಿಮೆಂಟೋ? ಬಿದ್ದ ಚೂರು ಇದ್ದರೆ ಅದರ ಮೇಲೆ ನಿಂಬೆರಸ ಬಿಟ್ಟು, ಉಗುರಲ್ಲಿ ಕೆರೆ. ನೊರೆ ಬಂದು ಪುಡಿ ಉದುರಿದರೆ ಸುಣ್ಣ. ನಮ್ಮಪ್ಪನ ಕಾಲದಲ್ಲಿ ಅರಳಿದ ಸುಣ್ಣ, ಮರಳು ಹಾಕಿ ಎತ್ತು ಕಟ್ಟಿ ಗಾರೆ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೀರು ಬೀಳುತ್ತಿತ್ತು. ಕೊನೆಯ ನಯಕ್ಕೆ ಮೊಟ್ಟೆ ಬಿಳಿ. ಚಿಕ್ಕವನಿದ್ದಾಗ ನನಗೆ ಗಾಣದ ಹತ್ತಿರ ಬಿಟ್ಟರೆ ಬೆಲ್ಲ ಕಮ್ಮಿಯಾಗುತ್ತಿತ್ತು ಅಂತ ಅಪ್ಪ ಬೈಯುತ್ತಿದ್ದರು.

ಹಳೇಪೇಟೆ ಹುಡುಗ · ಮಂಗಳವಾರ ರಾತ್ರಿ

ಅಣ್ಣಾ, ನಾಲ್ಕೂ ಮಾಡಿದೆ. ಮೈಯೆಲ್ಲ ಧೂಳು.

ಟೈಲ್ಸ್: ಅಡುಗೆಮನೆ ಬಾಗಿಲ ಪಕ್ಕ ಒಂದು ಅಲ್ಲಾಡುತ್ತಿತ್ತು. ಬ್ಲೇಡಿನಲ್ಲಿ ಬಿಡಿಸಿದೆ, ಸುಣ್ಣದ ಗಾರೆ ಬಿಸ್ಕತ್ತಿನ ಹಾಗೆ ಕಳಚಿಕೊಂಡಿತು. ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಮೇಡ್ ಇನ್ ಜಪಾನ್’! ಕೃಷ್ಣನ ಬೆನ್ನ ಮೇಲೆ ಜಪಾನ್. ಅಜ್ಜಿಗೆ ತೋರಿಸಿದೆ, ಅವರು ನಂಬಲೇ ಇಲ್ಲ. “ದಿನಾ ಕೈ ಮುಗೀತಿದ್ದೆ” ಅಂದರು.

ತೊಲೆ: ನಾಲ್ಕು ಪದರ ಬಣ್ಣ ಕೆರೆದ ಮೇಲೆ ‘ಟಾಟಾ’ ಅಂತ ಸಿಕ್ಕಿತು.

ಸೂರ್ಯ: ನೊರೆ ಬಂತು. ಸುಣ್ಣ.

ಬಾಗಿಲವಾಡ ಮಾತ್ರ ತಲೆ ಕೆಡಿಸಿದೆ. ಬೆನ್ನಿನಲ್ಲಿ ಚಿಪ್ಪು ಚಿಪ್ಪು ತಗ್ಗು, ಬಾಚಿಯದ್ದೇ. ನೀವು ಹೇಳಿದ ಕಡೆಯೇ ಗುಂಡಿ, ಮರದ ತುಂಡು ಹೊಡೆದು ಮುಚ್ಚಿದ್ದಾರೆ. ಆದರೆ ಜಗಲಿಯ ನಾಲ್ಕು ಕಂಬದಲ್ಲಿ ಗರಗಸದ ಬಾಗಿದ ಗೀರು ಇದೆ. ಒಂದೇ ಮನೆ, ಮರದ ಕೆಲಸ ಎರಡು ತರ ಯಾಕೆ?

ತೊಟ್ಟಿಮನೆ · ಮಂಗಳವಾರ ರಾತ್ರಿ

ಜಪಾನ್! ಹಾಗಾದರೆ ನನ್ನ ಮಾತು ತಿದ್ದಿಕೊಳ್ಳಬೇಕು. ಮೊದಲು ಇಂಥ ಟೈಲ್ಸ್ ಬರುತ್ತಿದ್ದದ್ದು ಇಂಗ್ಲೆಂಡಿನಿಂದ. ಮೊದಲ ಮಹಾಯುದ್ಧದ ಹೊತ್ತಿಗೆ ಜಪಾನಿನವರು ಅದೇ ನಮೂನೆ ನೋಡಿಕೊಂಡು ಅಗ್ಗದಲ್ಲಿ ಮಾಡತೊಡಗಿದರು. 1920, 30ರ ದಶಕದಲ್ಲಿ ನಮ್ಮ ದೇಶಕ್ಕೆ ಜಾಸ್ತಿ ಬಂತು. ತಮಿಳುನಾಡಿನ ಚೆಟ್ಟಿನಾಡು ಸೀಮೆಯ ದೊಡ್ಡ ಮನೆಗಳಲ್ಲೂ ಇವೆ. ಇಲ್ಲಿಯ ಗಿರಾಕಿಗಳಿಗೆ ಬೇಕು ಅಂತ ರವಿವರ್ಮನ ಅಚ್ಚಿನ ಚಿತ್ರಗಳ ಧಾಟಿಯಲ್ಲಿ ದೇವರನ್ನೂ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ವ್ಯಾಪಾರ ನಿಂತೇ ಹೋಯಿತು.

ಟಾಟಾದವರು ಜಮ್‌ಶೆಡ್‌ಪುರದಲ್ಲಿ ಉಕ್ಕು ತೆಗೆಯಲು ಶುರು ಮಾಡಿದ್ದು 1912ರಲ್ಲಿ. ಎಲ್ಲ ಸೇರಿಸಿದರೆ ಮನೆ 1920ರ ದಶಕದ ಕೊನೆ ಅಥವಾ 30ರ ದಶಕ. ನೆತ್ತಿಯ ಸೂರ್ಯನೂ ಇದಕ್ಕೆ ಒಪ್ಪುತ್ತಾನೆ. ಮಜಾ ಅಂದರೆ ‘ಆರ್ಟ್ ಡೆಕೊ’ ಅನ್ನುವ ಹೆಸರು ಬಳಕೆಗೆ ಬಂದದ್ದು 1960ರ ದಶಕದಲ್ಲಿ. ನಿಮ್ಮ ಮುತ್ತಾತ ಮೇಸ್ತ್ರಿಗೆ ಏನು ಹೇಳಿರಬಹುದು? ಸುಮ್ನೆ “ಬೊಂಬಾಯಿ ತರ ಮಾಡಪ್ಪಾ” ಅಂದಿರಬೇಕು.

ಗಾರೆ ಕೈ · ಬುಧವಾರ ಬೆಳಿಗ್ಗೆ

ಮೇಸ್ತ್ರಿ ಅದನ್ನು ಸುಣ್ಣದಲ್ಲಿ ಮಾಡಿದ ನೋಡಿ. ಬೊಂಬಾಯಿಯ ನಮೂನೆ, ಇಲ್ಲಿಯ ಗಾರೆ, ಇಲ್ಲಿಯ ಕೈ. ಅದಕ್ಕೇ ಆ ಕಿರಣಗಳು ನೆಟ್ಟಗಿರಲ್ಲ, ತುದಿಯಲ್ಲಿ ಸ್ವಲ್ಪ ಬಾಗಿರುತ್ತವೆ. ಕರಣೆ ಹಾಗೇ ಎಳೆಯುತ್ತೆ. ಹೌದೋ ಅಲ್ವೋ ನೋಡು ತಮ್ಮಾ.

ಬಾಗಿಲವಾಡ ಮನೆಗಿಂತ ಹಳೇದು. ಬೇರೆ ಮನೆಯಿಂದ ತಂದು ಕೂರಿಸಿದ್ದು. ಅಜ್ಜಿಯನ್ನು ಕೇಳು.

ಹಳೇಪೇಟೆ ಹುಡುಗ · ಬುಧವಾರ ರಾತ್ರಿ

ಬಾಗಿದೆ ಅಣ್ಣಾ. ಇಷ್ಟು ವರ್ಷ ಕೆಳಗೆ ನಿಂತು ನೋಡಿದ್ದೇನೆ, ಇವತ್ತೇ ಗೊತ್ತಾಗಿದ್ದು.

ಅಜ್ಜಿಯನ್ನು ಕೇಳಿದೆ. “ಅದು ಆನಗೋಡಿನ ಮನೇದು, ನಿನಗೆ ಗೊತ್ತಿಲ್ಲೇನು?” ಅಂದರು. ಯಾರೂ ಹೇಳಿದ್ದರೆ ತಾನೇ ಗೊತ್ತಾಗೋದು! ಅವರ ಅತ್ತೆ ಹೇಳಿದ ಕಥೆ ಇದು. ಮುತ್ತಾತ ಹತ್ತಿ ದಲ್ಲಾಳಿ ಕೆಲಸಕ್ಕೆ ಹಳ್ಳಿ ಬಿಟ್ಟು ಪೇಟೆಗೆ ಬಂದರು. ಬರುವಾಗ ಅವರ ತಾಯಿ, ಹೊಸ್ತಿಲು ಬಿಟ್ಟು ಬರಲ್ಲ ಅಂತ ಕೂತುಬಿಟ್ಟರಂತೆ. ಹೊಸ್ತಿಲು ಒಂದೇ ಕೀಳಲು ಬರಲ್ಲವಲ್ಲ, ಇಡೀ ಬಾಗಿಲವಾಡವನ್ನೇ ಬಿಚ್ಚಿ ಎತ್ತಿನ ಗಾಡಿಯಲ್ಲಿ ಹಾಕಿ, ಮೇಲೆ ಹುಲ್ಲು ಹೊದಿಸಿ ತಂದರು. ಆ ಅಜ್ಜಿ ಅದರ ಮೇಲೇ ಕೂತು ಬಂದರಂತೆ.

ಆನಗೋಡಿನ ಮನೆ ಎಷ್ಟು ಹಳೇದು ಅಂದರೆ ಅಜ್ಜಿ ಕೈ ಆಡಿಸಿದರು.

ಹರಿಹರದವಳು · ಬುಧವಾರ ರಾತ್ರಿ

ಅಯ್ಯೋ, ಎಷ್ಟು ಚೆನ್ನಾಗಿದೆ. ತಮ್ಮಾ, ಗಿಳಿ ಕೆತ್ತನೆಯ ಆಳ ಅಳೆದೆಯಾ? ಮೇಷ್ಟ್ರು ಕೇಳಿದ್ದರು.

ಹಳೇಪೇಟೆ ಹುಡುಗ · ಬುಧವಾರ ರಾತ್ರಿ

ಗಿಳಿ ಕಾಲಿಂಚು ಕೂಡ ಇಲ್ಲ ಅಕ್ಕಾ. ಅಂಚು ಮಾತ್ರ ಕೊರೆದು ಸುತ್ತ ತಗ್ಗು ಮಾಡಿದ್ದಾರೆ. ಬೆಳಿಗ್ಗೆ ಪೂರ್ವದ ಬಿಸಿಲು ಬಿದ್ದಾಗ ಚೆನ್ನಾಗಿ ಕಾಣುತ್ತೆ, ಮಧ್ಯಾಹ್ನ ಕಾಣಲ್ಲ.

ದುರ್ಗದ ಕಲ್ಲು · ಗುರುವಾರ ಬೆಳಿಗ್ಗೆ

ಹಾಂ! ನಮ್ಮ ಹಾವಿನ ಹಾಗೆ. ಇದರಿಂದ ನಾಯಕರ ಕಾಲದ್ದು ಅಂತ ಮಾತ್ರ ಬರೆದುಬಿಡಬೇಡ. ಕಲ್ಲಿನವರ ಅಭ್ಯಾಸ ಮರದವರಿಗೆ ಬಂದು ಎಷ್ಟೋ ತಲೆಮಾರು ಉಳಿಯುತ್ತದೆ. ತೇಗ ಕಲ್ಲಿನಷ್ಟು ಗಟ್ಟಿಯಲ್ಲ, ಆಳವಾಗಿ ಕೆತ್ತಬಹುದಿತ್ತು. ಆದರೂ ತಗ್ಗಾಗಿಯೇ ಕೆತ್ತಿದ್ದಾರೆ, ನೋಡು.

ಬೆಣ್ಣೆದೋಸೆ · ಗುರುವಾರ ಮಧ್ಯಾಹ್ನ

ಆ ಸೌದೆಯವನು ಮತ್ತೆ ಬಂದನಾ?

ಹಳೇಪೇಟೆ ಹುಡುಗ · ಶನಿವಾರ ಸಂಜೆ

ಬಂದಿದ್ದ. ಈ ಸಲ ತೂಕದ ಮಾತಿಲ್ಲ, ನೇರ ನಲವತ್ತು ಸಾವಿರ ಅಂದ. ಅಜ್ಜಿ ಒಳಗಿಂದಲೇ, “ಸೌದೆ ಬೇಕಾದ್ರೆ ಹಿತ್ತಲಾಗೈತೆ, ಹೋಗಿ ತಗೋ” ಅಂದರು.

ಎಂಜಿನಿಯರ್ ಬಂದು ಅಳತೆ ಮಾಡಿದರು. ಒಳಗಿನ ಎತ್ತರ ಐದೂವರೆ ಅಡಿ, ಮುಂಬಾಗಿಲಿಗೆ ಆಗಲ್ಲ ಅಂದರು. ಅಪ್ಪ ದೇವರ ಕೋಣೆಗೆ ಹಾಕೋಣ ಅಂದರು, ಅಜ್ಜಿ ಒಪ್ಪಲಿಲ್ಲ. ಹೊಸ್ತಿಲು ದಾಟಿ ಮನೆ ಒಳಗೆ ಬರಬೇಕು, ಕೋಣೆಗಲ್ಲ ಅಂತ. ಕೊನೆಗೆ ಮುಂಬಾಗಿಲಿಗೇ. ತಲೆ ಬಗ್ಗಿಸಿ ಬರಲಿ ಎಲ್ಲರೂ. ನಾನು ಆರಡಿ, ಈಗಾಗಲೇ ಎರಡು ಸಲ ಹೊಡೆಸಿಕೊಂಡಿದ್ದೇನೆ.

ಗಾರೆ ಅಣ್ಣಾ, ಇವತ್ತು ಟೈಲ್ಸ್ ಬಿಚ್ಚಿದೆ. ಮೇಲಿನ ಸಾಲಿನಿಂದ ಶುರು ಮಾಡಿ, ನೀರು ಹಾಕಿ ನೆನೆಸಿ, ಸಂದಿಯಲ್ಲಿ ಗರಗಸದ ಬ್ಲೇಡು ಆಡಿಸಿದೆ. 46ರಲ್ಲಿ ಮೂರು ಒಡೆದವು. ಹಿಂದಿನ ಗಾರೆ ಇನ್ನೂ ಅಂಟಿದೆ, ಅದನ್ನು ತೆಗೆಯಲು ಏನು ಹಾಕಲಿ?

ಗಾರೆ ಕೈ · ಶನಿವಾರ ರಾತ್ರಿ

ಎರಡು ದಿನ ಬರೀ ನೀರಲ್ಲಿ ಮುಳುಗಿಸಿಡು, ಮರದ ಚಕ್ಕೆಯಲ್ಲಿ ಕೆರೆ. ಆಸಿಡ್ ಮುಟ್ಟಿಸಬೇಡ, ಬಣ್ಣ ಹೋಗುತ್ತೆ. ಬಾಗಿಲವಾಡಕ್ಕೆ ಪಾಲಿಶ್ ಹೊಡೆಸಬೇಡ, ಅಗಸೆ ಎಣ್ಣೆ ಬಟ್ಟೆಯಲ್ಲಿ ಉಜ್ಜು, ಸಾಕು. ಉಜ್ಜಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡ, ತಾನಾಗೇ ಹೊತ್ತಿಕೊಳ್ಳುತ್ತೆ. ಬಿಡಿಸಿ ಹೊರಗೆ ಒಣಹಾಕು. ಒಡೆದ ಮೂರನ್ನು ಬಿಸಾಡಬೇಡ, ಭಾನುವಾರ ನಾನೇ ಬರ್ತೀನಿ.